ರೆಕ್ಕೆಗೆ ಬಳಿದ ವಾರ್ನಿಷ್

ಭಾನುವಾರದ ಮಧ್ಯಾಹ್ನದೂಟ. ಮೇಜಿನ ಮೇಲೆ ಕುರಿಮಾಂಸ, ಬೇಯಿಸಿದ ಎಲೆಕೋಸು, ಆಲೂಗಡ್ಡೆ. ರೋಡಾ ಒಂದು ತುಂಡು ಬಾಯಿಗಿಟ್ಟಳು. ನುಂಗಲಾಗದೆ ಕರವಸ್ತ್ರಕ್ಕೆ ಉಗಿದು ತಟ್ಟೆಯನ್ನು ಆಚೆ ಸರಿಸಿದಳು.

"ಯಾಕೇ? ಈ ಮನೇಲಿ ಮಾಂಸ ಬೇಯೋದು ವಾರಕ್ಕೊಂದು ಸಲ. ಅದೂ ಬೇಡವಾಯ್ತಾ ನಿಂಗೆ?" ತಾಯಿ ಹೆಸ್ಟರ್ ಕೇಳಿದಳು.

"ವಾಸನೆ ಹಿಡಿಸ್ತಿಲ್ಲಮ್ಮ."

"ನಿನ್ನ ಮೈಯಿಂದ ಬರ್ತಿದೆಯಲ್ಲ, ಅದಕ್ಕಿಂತ ಕೆಟ್ಟದಾ ನನ್ನಡುಗೆ ವಾಸನೆ?"

ಒಲೆಯ ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೆಜಾಯಾ ನಕ್ಕಳು. "ಇವಳು ಬಾಗಿಲು ತೆಗೆದ್ರೆ ಬೆಕ್ಕು ಕಿಟಕಿ ಹಾರುತ್ತೆ. ಇವಳನ್ನ ಕಟ್ಕೊಳ್ಳೋನಿಗೆ ಮೂಗೇ ಇರಬಾರದು."

"ಒಳ್ಳೇದೇ ಆಯ್ತು ಬಿಡಜ್ಜಿ. ಮೂಗಿಲ್ದೋನು ಗೊರಕೆ ಹೊಡೆಯಲ್ಲ."

ಅಪ್ಪ ಸೈಲಾಸ್ ನಗಲಿಲ್ಲ. "ಅದು ಕೆಲಸದ ವಾಸನೆ. ಅದಿಲ್ಲದಿದ್ರೆ ಈ ಮೇಜಿನ ಮೇಲೆ ಮಾಂಸವೂ ಇರಲ್ಲ, ಆಕಾಶದಲ್ಲಿ ಗ್ಯಾರೋವೇ ವಿಮಾನವೂ ಇರಲ್ಲ," ಎಂದು ಮಾಂಸ ಕುಯ್ದ.

ಮರದ ಚೌಕಟ್ಟಿಗೆ ನಾರಿನ ಬಟ್ಟೆ ಬಿಗಿದು ಹೊಲಿದರೆ ಅದು ವಿಮಾನದ ರೆಕ್ಕೆ. ಹಾಗೇ ಬಿಟ್ಟರೆ ಬಟ್ಟೆ ಗಾಳಿಗೆ ಜೋಲುತ್ತದೆ. ಮೇಲೆ ವಾರ್ನಿಷ್ ಬಳಿದು, ಒಣಗಿಸಿ, ಮತ್ತೆ ಬಳಿಯಬೇಕು. ಆಗ ಅದು ತಮಟೆಯ ಚರ್ಮದ ಹಾಗೆ ಬಿಗಿದುಕೊಳ್ಳುತ್ತದೆ. ಯುದ್ಧ ಶುರುವಾದ ಮೇಲೆ ಬೇಗ ಒಣಗುವ ಹೊಸ ವಾರ್ನಿಷ್ ಬಂದಿತ್ತು. ಅತಿಯಾಗಿ ಕಳಿತ ಪೇರ್ ಹಣ್ಣಿನಂಥ ಸಿಹಿ ವಾಸನೆ ಅದರದು. ಅದನ್ನು ಬಳಿಯುವ ಹುಡುಗಿಯರ ಗುಂಪಿಗೆ ರೋಡಾ ಆ ಶರತ್ಕಾಲದಲ್ಲಿ ಸೇರಿದ್ದಳು.

ನೀರು ಕುಡಿಯಲು ಅವಳೆದ್ದು ಕಿಟಕಿಯ ಹತ್ತಿರ ಹೋದಾಗ ಹೊರಗಿನ ಬೆಳಕು ಮುಖದ ಮೇಲೆ ಬಿತ್ತು. ಹೆಸ್ಟರಳ ಕೈಯಲ್ಲಿದ್ದ ಸೌಟು ಅರ್ಧಕ್ಕೇ ನಿಂತಿತು.

"ರೋಡಾ, ಈ ಕಡೆ ತಿರುಗು."

"ಏನಮ್ಮಾ?"

"ತಿರುಗು ಅಂದೆ."

ಮಗಳ ಕಣ್ಣಲ್ಲಿ ಬಿಳಿಯೇ ಇರಲಿಲ್ಲ. ಇರಬೇಕಾದ ಕಡೆ ಹಳೇ ಬೆಣ್ಣೆಯ ಬಣ್ಣವಿತ್ತು. ಹೆಸ್ಟರ್ ಅವಳ ಕಾಲರು ಸರಿಸಿ ನೋಡಿದಳು. ಕತ್ತು, ಎದೆಯ ಮೇಲ್ಭಾಗ, ಎಲ್ಲ ಹಳದಿ. ಒಂದೇ ಮನೆಯಲ್ಲಿದ್ದುಕೊಂಡು ತಾನಿದನ್ನು ಹೇಗೆ ನೋಡದೆ ಹೋದೆ? ನಸುಕಿನ ಕತ್ತಲಲ್ಲಿ ಹೋಗಿ ಸಂಜೆಯ ಕತ್ತಲಲ್ಲಿ ಬರುವ ಮಗಳನ್ನು ದೀಪದ ಬೆಳಕಿನಲ್ಲೇ ನೋಡುತ್ತಿದ್ದಳು. ಆ ಬೆಳಕಿಗೆ ಎಲ್ಲರೂ ಹಳದಿಯೇ.

"ಕಾಮಾಲೆ," ಎಂದಳು ಕೆಜಾಯಾ. ಅವಳ ನಗು ನಿಂತಿತ್ತು.

"ಹಳಸಿದ ಸೀಗಡಿ ತಿಂದಿರ್ತಾಳೆ," ಎಂದ ಸೈಲಾಸ್. "ಸಂತೇಲಿ ಕಂಡಿದ್ದೆಲ್ಲ ತಿಂದ್ರೆ ಇನ್ನೇನಾಗುತ್ತೆ?"

ಸೈಲಾಸನ ಪೆಟ್ಟಿಟ್ ಮನೆತನಕ್ಕೆ ಗ್ಯಾರೋವೇ ಬ್ರದರ್ಸ್ ವಿಮಾನ ಕಾರ್ಖಾನೆ ಬರೀ ಸಂಬಳದ ಜಾಗವಾಗಿರಲಿಲ್ಲ. ಹ್ಯೂ ಮತ್ತು ಲಯನೆಲ್ ಎಂಬ ಅಣ್ಣತಮ್ಮ ಈ ಬಂದರು ಊರು ಮಾರ್ಷ್‌ವಿಕ್ಕಿಗೆ ಬಂದು, ನದೀ ದಡದಲ್ಲಿ ಮೀನು ಒಣಗಿಸುವ ಕೊಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದು, ಬಲೂನು ಮಾಡುತ್ತೇವೆ ಎಂದಾಗ ಊರೆಲ್ಲ ನಕ್ಕಿತ್ತು. ಹಡಗಿನ ಪಟ ಹೊಲಿಯುತ್ತಿದ್ದ ಸೈಲಾಸ್ ಮಾತ್ರ ಅವರ ಜೊತೆ ಸೇರಿದ. ಕೊಟ್ಟಿಗೆಯಲ್ಲಿ ಹೊಲಿಗೆ ಯಂತ್ರವಿರಲಿಲ್ಲ. ಹೆಸ್ಟರಳ ಹತ್ತಿರ ಒಂದಿತ್ತು. ಹಾಗಾಗಿ ಗ್ಯಾರೋವೇ ಕಂಪನಿಯ ಮೊದಲ ಬಲೂನಿನ ರೇಷ್ಮೆ ಹರಡಿದ್ದು ಇದೇ ಅಡುಗೆಮನೆಯ ಮೇಜಿನ ಮೇಲೆ. ಮೇಜು ಖಾಲಿಯಿಲ್ಲದೆ ಎಲ್ಲರೂ ನಿಂತುಕೊಂಡೇ ಸೂಪು ಕುಡಿಯುತ್ತಿದ್ದರು, ಅಣ್ಣತಮ್ಮಂದಿರೂ ಸೇರಿ. ಆಮೇಲೆ ಎಂಜಿನ್ ಇಲ್ಲದ ರೆಕ್ಕೆಬಂಡಿಗಳು ಬಂದವು. ಆಮೇಲೊಂದು ದಿನ ಎಂಜಿನ್ ಇಟ್ಟದ್ದು ಜೌಗು ಬಯಲಿನ ಮೇಲೆ ಒಂದಿಷ್ಟು ದೂರ ಹಾರಿ ಕುರಿಗಳ ನಡುವೆ ಬಿತ್ತು. ಅವತ್ತು ಸೈಲಾಸ್ ಓಡಿಬಂದು ಹೆಂಡತಿಯನ್ನು ಎತ್ತಿ ಅಡುಗೆಮನೆ ತುಂಬ ತಿರುಗಿಸಿದ್ದ.

ಮಿಸ್ಟರ್ ಹ್ಯೂ ಅದೇ ಬಯಲಿನಲ್ಲಿ ವಿಮಾನ ಬಿದ್ದು ಸತ್ತರು. ಕೆಸರಿನಿಂದ ದೇಹ ಎತ್ತಿ ತಂದವನು ಸೈಲಾಸ್. ಸಮಾಧಿಯ ಹತ್ತಿರ ಮಿಸ್ಟರ್ ಲಯನೆಲ್ ಅವನ ಕೈ ಹಿಡಿದು, "ಇನ್ಮೇಲೆ ನೀನೇ ನನಗೆ ಅಣ್ಣ," ಅಂದರು. ಆ ಒಂದು ಮಾತನ್ನು ಸೈಲಾಸ್ ಇನ್ನೂ ಉಣ್ಣುತ್ತಲೇ ಇದ್ದ. ಯುದ್ಧ ಬಂದು ಒಂದು ಕೊಟ್ಟಿಗೆ ಹತ್ತಾಯಿತು, ಸೈರನ್ ಕೂಗಿದರೆ ನೂರಾರು ಜನ ಗೇಟಿನೊಳಗೆ ನುಗ್ಗುವಂತಾಯಿತು. ಮಿಸ್ಟರ್ ಲಯನೆಲ್ ಗುಡ್ಡದ ಮೇಲೆ ಮನೆ ಕಟ್ಟಿದರು. ಸೈಲಾಸ್ ರೆಕ್ಕೆ ವಿಭಾಗದ ಮೇಸ್ತ್ರಿಯಾದ.

ಸೋಮವಾರ ರೋಡಾ ಕೋಟು ಹಾಕಿಕೊಂಡಾಗ ಹೆಸ್ಟರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ದಾರಿ ಬಿಡಮ್ಮ. ರೆಕ್ಕೆಗೆ ಕಡೇ ಪದರ ಬಳಿಯೋಕೆ ಗೊತ್ತಿರೋರು ಮೂರೇ ಜನ, ಅದರಲ್ಲಿ ನಾನೊಬ್ಬಳು."

"ನೀನಿಲ್ಲದಿದ್ರೆ ಯುದ್ಧ ನಿಂತುಹೋಗುತ್ತಾ?"

"ನನ್ನ ಕೈಯಾರೆ ಮಾಡಿದ್ದು ಆಕಾಶಕ್ಕೆ ಹೋಗುತ್ತೆ. ನೀನು ಬೆಳಗಿಂದ ಸಂಜೆವರೆಗೂ ಉಜ್ಜೋ ಪಾತ್ರೆ ಎಲ್ಲಿಗೆ ಹೋಗುತ್ತೆ ಹೇಳು?"

ಹೆಸ್ಟರಳ ಕೈ ಎದ್ದಿತು. ಆದರೆ ಹೊಡೆಯುವ ಮೊದಲೇ ರೋಡಾ ಮೆಟ್ಟಿಲ ಮೇಲೆ ಕುಸಿದು ಹಸಿರು ಪಿತ್ತ ಕಾರಿಕೊಂಡಳು. ಆಮೇಲೆ ಜಗಳ ಮುಂದುವರಿಯಲಿಲ್ಲ. ಕಾರ್ಖಾನೆಯ ವೈದ್ಯರು ಬಂದು ನಾಲಿಗೆ ನೋಡಿ, ಹಾಲು ಕುಡಿಸಿ, ವಿಶ್ರಾಂತಿ ಕೊಡಿ ಎಂದು ಹೋದರು. ಹಾಲು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಡಿಸೆಂಬರು ಹಾಗೇ ಹೋಯಿತು. ಹೆಸ್ಟರ್ ಗಂಜಿ ಕಾಯಿಸಿದಳು, ಹಾಸಿಗೆಬಟ್ಟೆ ಒಗೆದಳು, ಬಕೆಟ್ಟು ಹೊತ್ತಳು. ಕ್ರಿಸ್‌ಮಸ್ಸಿನ ಪುಡಿಂಗನ್ನು ಅಜ್ಜಿಯೊಬ್ಬಳೇ ತಿಂದಳು. ಮಗ ಅಮೋಸ್ ಫ್ರಾನ್ಸಿನ ಕಂದಕದಿಂದ ಉಣ್ಣೆಯ ಕಾಲುಚೀಲ ಬೇಕೆಂದು ಹೇಳಿಕಳಿಸಿದ್ದ, ಅದನ್ನೂ ಹೆಣೆದಳು.

ಹೊಸ ವರ್ಷದ ಮೊದಲ ವಾರ ಎದುರು ಬೀದಿಯ ಆಲಿವ್ ಡೌಸೆಟ್ ಸತ್ತಳು. ರೋಡಾಳ ಪಕ್ಕದಲ್ಲೇ ನಿಂತು ವಾರ್ನಿಷ್ ಬಳಿಯುತ್ತಿದ್ದ ಹುಡುಗಿ. ಸಾಯುವ ಮೊದಲು ಅವ್ವನ ಗುರುತೇ ಸಿಗದೆ ಕಿರುಚುತ್ತಿದ್ದಳಂತೆ.

ಸುದ್ದಿ ಹೇಳುವಾಗ ಹೆಸ್ಟರ್ ಹಂಡೆಯಲ್ಲಿ ಬಟ್ಟೆ ಕುದಿಸುತ್ತಿದ್ದಳು. ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದ ರೋಡಾ ಅಳಲಿಲ್ಲ.

"ಅವಳು ನವೆಂಬರಿನಲ್ಲೇ ಬಿಡ್ತಿದ್ಲಮ್ಮ."

"ಯಾರು?"

"ಆಲಿವ್. ಅವಳಮ್ಮ ಬಿಡಿಸೋಕೆ ಅಂತ ಗೇಟಿನ ಹತ್ರ ಬಂದಿದ್ಲು. ತಲೆಸುತ್ತು, ವಾಂತಿ, ಸಾಕು ಈ ಕೆಲಸ ಅಂದ್ಲು. ಆಗ ಅಪ್ಪ ಹೋಗಿ, 'ನನ್ನ ಸ್ವಂತ ಮಗಳನ್ನೇ ಆ ಕೋಣೆಗೆ ಹಾಕ್ತೀನಿ, ಆಗ ನಂಬ್ತೀಯಾ?' ಅಂದ. ಮಾರನೇ ದಿನವೇ ನಾನು ಹೊಲಿಗೆ ಬಿಟ್ಟು ವಾರ್ನಿಷಿಗೆ ಹೋದೆ. ಆಲಿವ್ ಉಳಕೊಂಡ್ಲು."

ಹೆಸ್ಟರ್ ಕೈಯಲ್ಲಿದ್ದ ಕೋಲನ್ನು ಹಂಡೆಯೊಳಗೇ ಬಿಟ್ಟಳು.

"ನೀನೇ ಕೇಳ್ಕೊಂಡು ಹೋದೆ ಅಂದಿದ್ದೆಯಲ್ಲೇ?"

"ಹಾಗೆ ಹೇಳು ಅಂದಿದ್ದ."

"ಅಲ್ಲೊಂದು ದೊಡ್ಡ ಫ್ಯಾನು ಇದೆ, ಗಾಳಿ ಎಲ್ಲ ಹೊರಗೆ ಹೋಗುತ್ತೆ ಅಂತಿದ್ದ ನಿಮ್ಮಪ್ಪ."

"ಇದೆ. ಥಂಡಿ ಗಾಳಿ ತಗುಲಿದ್ರೆ ವಾರ್ನಿಷ್ ಬೆಳ್ಳಗಾಗಿ ಒಡೆಯುತ್ತೆ. ಅದಕ್ಕೇ ಮಂಜು ಬಿದ್ದ ದಿನವೆಲ್ಲ ಅಪ್ಪ ಬಂದು ಫ್ಯಾನಿನ ಬೆಲ್ಟು ಕಳಚಿ ಹೋಗ್ತಿದ್ದ. ಈ ಊರಲ್ಲಿ ಮಂಜು ಬೀಳದ ದಿನ ಯಾವುದಮ್ಮ?"

ಅವತ್ತು ಸಂಜೆ ಸೈಲಾಸ್ ಬಂದಾಗ ಮೇಜಿನ ಮೇಲೆ ಊಟವಿರಲಿಲ್ಲ. ಹೆಸ್ಟರ್ ನಿಂತೇ ಇದ್ದಳು.

"ಮಗಳನ್ನ ಜಾಮೀನು ಕೊಟ್ಟೆಯಾ?"

ಅವನಿಗೆ ಅರ್ಥವಾಯಿತು. ಟೋಪಿ ತೆಗೆದು ಗೂಟಕ್ಕೆ ಹಾಕಿದ. "ಅವತ್ತು ಆಲಿವ್ ಬಿಟ್ಟಿದ್ರೆ ಉಳಿದೋರೂ ಬಿಡ್ತಿದ್ರು. ವಾರಕ್ಕೆ ಆರು ವಿಮಾನ ಹೋಗಬೇಕು ಹೆಸ್ಟರ್. ಅಲ್ಲಿ ನಮ್ಮ ಅಮೋಸ್ ಕೆಸರಲ್ಲಿ ಮಲಗಿದಾನೆ. ಶತ್ರುಗಳ ಫಿರಂಗಿ ಎಲ್ಲಿದೆ ಅಂತ ಮೇಲಿಂದ ನೋಡೋರು ಬೇಡವಾ?"

"ಒಂದು ಮಗೂನ ಉಳಿಸೋಕೆ ಇನ್ನೊಂದು ಮಗೂನ ಕೊಟ್ಟೆ ಅನ್ನು."

"ವಿಷ ಅಂತ ಯಾರು ಹೇಳಿದ್ರು? ವೈದ್ಯರು ಹೇಳಿದ್ರಾ? ನಾನು ನಂಬಲ್ಲ. ನಂಬಿದ್ರೆ ಕಳಿಸ್ತಿದ್ನಾ ಅವಳನ್ನ?"

"ನನ್ನ ಮಗನನ್ನ ಕಳ್ಳನ ಹಾಗೆ ನಿಲ್ಲಿಸಿ ಕೇಳಬೇಡ," ಎಂದು ಮೂಲೆಯಿಂದ ಕೆಜಾಯಾ ಗದರಿದಳು. "ಅವನು ಹುಟ್ಟಿದಾಗಿಂದ ನೋಡಿದೀನಿ. ತಪ್ಪು ಮಾಡ್ತಾನೆ, ಮೋಸ ಮಾಡಲ್ಲ."

ಆಲಿವ್ ಸಾವಿನ ವಿಚಾರಣೆಗೆ ದಿನ ನಿಗದಿಯಾಯಿತು. ಅದರ ಹಿಂದಿನ ದಿನ ಮಿಸ್ಟರ್ ಲಯನೆಲ್ ಮೋಟಾರಿನಲ್ಲಿ ಬಂದರು. ಕೈಯಲ್ಲಿ ರೋಡಾಳಿಗೆಂದು ದ್ರಾಕ್ಷಿ. ಅಡುಗೆಮನೆಯಲ್ಲಿ ಕೂತು ಸುತ್ತ ನೋಡಿದರು.

"ಏನೂ ಬದಲಾಗಿಲ್ಲ ಹೆಸ್ಟರ್. ನಿಮ್ಮ ಬಟಾಣಿ ಸೂಪಿನ ರುಚಿ ಇನ್ನೂ ನಾಲಿಗೇಲಿದೆ."

"ಸೂಪು ಇದೆ. ಬಿಸಿ ಮಾಡ್ಲಾ?"

"ಬೇಡ, ಬೇಡ, ಹೊತ್ತಿಲ್ಲ." ಆಮೇಲೆ ಸೈಲಾಸನ ಕಡೆ ತಿರುಗಿದರು. "ನಾಳೆ ಫ್ಯಾನಿನ ವಿಷಯ ಕೇಳ್ತಾರೆ. ಇದ್ದದ್ದನ್ನ ಹೇಳು, ಅಷ್ಟೇ. ಫ್ಯಾನು ಇದೆ ಅನ್ನೋದು ನಿಜ ತಾನೇ?"

"ಇದೆ ಸಾರ್."

"ಅಷ್ಟೇ ಮತ್ತೆ. ಹ್ಯೂ ಇದ್ದಿದ್ರೆ ಅವನೂ ಇದನ್ನೇ ಹೇಳ್ತಿದ್ದ."

ಸತ್ತ ಅಣ್ಣನ ಹೆಸರು ತಂದು ಮೇಜಿನ ಮೇಲಿಟ್ಟು ಹೋದರು. ಮಾಡಿನ ಕೋಣೆಯಲ್ಲಿ ಮಲಗಿದ್ದ ರೋಡಾಳನ್ನು ನೋಡಲು ಮೆಟ್ಟಿಲು ಹತ್ತಲಿಲ್ಲ.

ವಿಚಾರಣೆ ನಡೆದದ್ದು ಬಂದರಿನ ಪಬ್ಬಿನ ಮಹಡಿಯಲ್ಲಿ. ಕಾಲುನೋವಿನ ಕೆಜಾಯಾ ಮನೆಯಲ್ಲೇ ಉಳಿದಳು. ಹೆಸ್ಟರ್ ಹಿಂದಿನ ಬೆಂಚಿನಲ್ಲಿ ಕೂತಳು. ಮುಂದೆ ಕಪ್ಪು ಬಟ್ಟೆಯಲ್ಲಿ ಆಲಿವಳ ತಾಯಿ, ಪಕ್ಕದಲ್ಲಿ ಅವಳ ಗಂಡ. ಸೈಲಾಸನ ಸರದಿ ಬಂತು. ಬೈಬಲ್ ಮುಟ್ಟಿ ಪ್ರಮಾಣ ಮಾಡಿದ.

"ವಾರ್ನಿಷ್ ಕೋಣೇಲಿ ಫ್ಯಾನು ಇದೆಯೇ?" ವಿಚಾರಣಾಧಿಕಾರಿ ಕೇಳಿದರು.

"ಇದೆ ಸಾರ್. ದೊಡ್ಡದು."

"ಅದು ಕೆಲಸದ ಹೊತ್ತಿನಲ್ಲಿ ನಡೀತಿತ್ತೇ?"

ಇಲ್ಲ ಅನ್ನುತ್ತಾನೆ ಎಂದುಕೊಂಡಳು ಹೆಸ್ಟರ್. ಮಿಸ್ಟರ್ ಲಯನೆಲ್ ಕೇಳಿದ್ದು ಫ್ಯಾನು ಇದೆ ಅನ್ನುವಷ್ಟು ಮಾತ್ರ. ಅದರಾಚೆಗೆ ಅವನು ಹೋಗಬೇಕಾಗಿರಲಿಲ್ಲ.

"ನಡೀತಿತ್ತು ಸಾರ್."

"ಯಾವಾಗಲೂ?"

"ಯಾವಾಗಲೂ."

ಹೆಸ್ಟರಳಿಗೆ ಬೆಂಚು ಜರುಗಿದಂತಾಯಿತು. ಮದುವೆಯಾಗಿ ಇಷ್ಟು ವರ್ಷ, ಕುಡಿದದ್ದು ಕಂಡಿದ್ದಳು, ಹೊಡೆದದ್ದೂ ಒಮ್ಮೆ ಕಂಡಿದ್ದಳು. ಇದನ್ನು ಕಂಡಿರಲಿಲ್ಲ. ಆಲಿವಳ ತಾಯಿ ತಲೆಯಾಡಿಸುತ್ತಿದ್ದಳು. ಅವನ ಮಾತನ್ನು ನಂಬಿ, ಹಾಗಾದರೆ ತನ್ನ ಮಗಳ ದೇಹವೇ ದುರ್ಬಲವಾಗಿತ್ತು ಎಂದು ಒಪ್ಪಿಕೊಳ್ಳುತ್ತಿದ್ದಳು. ಪಿತ್ತಜನಕಾಂಗದ ಕಾಯಿಲೆ, ಸಹಜ ಸಾವು ಎಂದು ತೀರ್ಪಾಯಿತು.

ಮನೆಯಲ್ಲಿ ಕೆಜಾಯಾ ಕಾಯುತ್ತಿದ್ದಳು. "ಏನಪ್ಪಾ, ಹೇಗಾಯ್ತು?"

"ಹೇಳಬೇಕಾದ್ದು ಹೇಳಿದೆ ಅಮ್ಮ."

"ನೀನು ಹೇಳ್ತೀಯ ಅಂತ ಗೊತ್ತಿತ್ತು. ಕೂತ್ಕೋ, ಟೀ ಕುಡಿ."

ಅವನು ಸುಳ್ಳು ಹೇಳಿದ್ದನ್ನು ಮುದುಕಿಯೆದುರು ಹೇಳಲು ಹೆಸ್ಟರಳಿಗೆ ಮನಸ್ಸಾಗಲಿಲ್ಲ. ಅವತ್ತಿನಿಂದ ಅವಳು ಮಗಳ ಕೋಣೆಯಲ್ಲಿ ಮಲಗಿದಳು.

ಮಾರನೇ ದಿನ ಒಂದು ಬ್ರೆಡ್ಡು ಬೇಯಿಸಿ ತೆಗೆದುಕೊಂಡು ಡೌಸೆಟ್ ಮನೆಗೆ ಹೋದಳು. ಫ್ಯಾನಿನ ಬೆಲ್ಟಿನ ವಿಷಯ ಹೇಳಿದಳು. ಆಲಿವಳ ತಾಯಿ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, "ಹೊರಟುಹೋಗು ಹೆಸ್ಟರ್, ದಯವಿಟ್ಟು," ಎಂದಷ್ಟೇ ಹೇಳಿದಳು. ಹೆಸ್ಟರ್ ಹೊರಟುಬಂದು, ವಾರ್ನಿಷ್ ಕೋಣೆಯ ಉಳಿದ ಹುಡುಗಿಯರ ತಾಯಂದಿರ ಬಾಗಿಲನ್ನು ಒಂದೊಂದಾಗಿ ತಟ್ಟಿದಳು. ಸೋಮವಾರ ಆ ಕೋಣೆಗೆ ಯಾರೂ ಹೋಗಲಿಲ್ಲ.

ಸೈಲಾಸ್ ಮಧ್ಯಾಹ್ನವೇ ಮನೆಗೆ ಬಂದ. "ನೀನೇನಾ?"

"ನಾನೇ."

"ಬರೀ ಬಟ್ಟೆ ಹೊದಿಸಿದ ರೆಕ್ಕೆಗಳು ಸಾಲಾಗಿ ಬಿದ್ದಿವೆ. ಮಿಸ್ಟರ್ ಲಯನೆಲ್ ಮುಖ ನೋಡೋಕಾಗ್ತಿಲ್ಲ ನಂಗೆ."

"ಮಗಳ ಮುಖ ನೋಡೋಕಾಗ್ತಿದೆಯಾ?"

ಮೆಟ್ಟಿಲ ಮೇಲಿಂದ ರೋಡಾ ಇಳಿದುಬಂದಳು, ಗೋಡೆ ಹಿಡಿದುಕೊಂಡು. "ನಾನು ಹೋಗ್ತೀನಿ ಅಪ್ಪ. ಕಡೇ ಪದರ ಕೂತ್ಕೊಂಡು ಬಳೀತೀನಿ."

ಸೈಲಾಸ್ ಅವಳ ಕಡೆ ನೋಡಿದ. ಹಗಲಿನಲ್ಲಿ ಅವಳನ್ನು ನೋಡಿದ್ದು ಎಷ್ಟು ವಾರದ ಮೇಲೋ. ಕೆನ್ನೆಯ ಮೂಳೆ ಎದ್ದಿತ್ತು. ಹಳದಿ ಹೋಗಿ ಹಸಿರಿಗೆ ತಿರುಗಿದ ಚರ್ಮ.

"ಯಾರೂ ಹೋಗಬೇಕಾಗಿಲ್ಲ. ನಾನೇ ಬಳೀತೀನಿ," ಎಂದ.

"ಬಳಿ," ಎಂದಳು ಹೆಸ್ಟರ್. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. "ಬಳಿ ಹೋಗು. ಫ್ಯಾನು ಹಾಕ್ಕೊಂಡು ಬಳೀತೀಯೋ, ಬೆಲ್ಟು ಕಳಚಿ ಬಳೀತೀಯೋ, ಅದನ್ನೂ ನೋಡ್ತೀನಿ."

ಅವನು ಹೋದ. ವಯಸ್ಸಾದ ಇಬ್ಬರು ಬಡಗಿಗಳು ಒಂದೆರಡು ದಿನ ಕೈ ಕೂಡಿಸಿ, ತಲೆನೋವೆಂದು ಬಿಟ್ಟರು. ಆಮೇಲೆ ಅವನೊಬ್ಬನೇ. ನಸುಕಿಗೆ ಹೋದವನು ರಾತ್ರಿಯೂಟದ ಹೊತ್ತಿಗೆ ಬರುತ್ತಿದ್ದ, ಮೈತುಂಬ ಆ ಸಿಹಿ ವಾಸನೆ ಹೊತ್ತು. ಈಗ ಬೆಕ್ಕು ಅವನನ್ನು ಕಂಡರೆ ಓಡುತ್ತಿತ್ತು. ಆದರೆ ಅದಕ್ಕೆ ಯಾರೂ ನಗಲಿಲ್ಲ. ಹೆಸ್ಟರ್ ತಟ್ಟೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮಾತೆಲ್ಲ ಅಜ್ಜಿ, ಮೊಮ್ಮಗಳ ಮೂಲಕ ನಡೆಯಿತು.

"ರೋಡಾ, ಉಪ್ಪು ಬೇಕಾ ಕೇಳು ನಿಮ್ಮಪ್ಪನ್ನ."

"ಬೇಡ ಅಂತಾನೆ."

"ನಿಮ್ಮಮ್ಮನಿಗೆ ಹೇಳು, ಅಂಗಿ ಗುಂಡಿ ಕಿತ್ತುಹೋಗಿದೆ ಅಂತ."

"ಇಬ್ಬರ ಮಧ್ಯೆ ಅಂಚೆಯವಳಾಗಿಬಿಟ್ಟೆ ನಾನು," ಎಂದು ರೋಡಾ ಗೊಣಗಿದಳು. ಅವಳು ಚೇತರಿಸಿಕೊಳ್ಳುತ್ತಿದ್ದಳು. ಸುಟ್ಟ ಬ್ರೆಡ್ಡು ಹೊಟ್ಟೆಯಲ್ಲಿ ನಿಂತಿತು; ಆಮೇಲೆ ಮೊಟ್ಟೆ; ಫೆಬ್ರವರಿಯ ಒಂದು ಬೆಳಗ್ಗೆ ಇನ್ನೊಂದು ಬೇಕು ಅಂತ ಅವಳೇ ಕೇಳಿದಾಗ ಹೆಸ್ಟರ್ ಹಿತ್ತಲಿಗೆ ಹೋಗಿ ಅತ್ತು ಬಂದಳು.

ಅದೇ ವಾರದ ಭಾನುವಾರ ಸೈಲಾಸ್ ಹುರಿದ ಮೀನನ್ನು ಮುಟ್ಟದೆ ಕೂತಿದ್ದ. ರೋಡಾ ಅವನನ್ನೇ ನೋಡುತ್ತಿದ್ದಳು. ಎದ್ದುಹೋಗಿ ಕಿಟಕಿಯ ಪರದೆ ಪೂರ್ತಿ ಸರಿಸಿದಳು.

"ಅಪ್ಪಾ. ಮುಖ ಎತ್ತು."

ಅವನು ಎತ್ತಲಿಲ್ಲ. "ಹಳಸಿದ ಸೀಗಡಿ ತಿಂದಿರಬೇಕು," ಎಂದು ನಗಲು ನೋಡಿದ.

ಹೆಸ್ಟರ್ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಎಷ್ಟೋ ವಾರದ ಮೇಲೆ ಅವನನ್ನು ಮುಟ್ಟಿದ್ದು ಅದೇ ಮೊದಲು. ಮಗಳದ್ದು ಬೆಣ್ಣೆಯ ಬಣ್ಣವಾಗಿತ್ತು. ಇದು ಕಡುಹಳದಿ, ಅಂಚಿನಲ್ಲಿ ಕಂದು.

"ನಾಳೆ ಹೋಗಬೇಡ ಸೈಲಾಸ್."

"ಶನಿವಾರದ ತನಕ. ನಾಲ್ಕೇ ರೆಕ್ಕೆ ಉಳಿದಿವೆ."

"ನಾನು ಬಳಿ ಅಂದದ್ದು ಸಿಟ್ಟಿಗೆ. ನಿಂಗೆ ಗೊತ್ತಲ್ವಾ? ಸಿಟ್ಟಿಗೆ ಅಂದಿದ್ದು."

"ಗೊತ್ತು ಕಣೆ," ಎಂದ. ಆದರೂ ಹೋದ. ಗುರುವಾರ ಅವನನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಮನೆಗೆ ತಂದರು. ಎರಡು ರೆಕ್ಕೆ ಉಳಿದಿದ್ದವು.

ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಪ್ರಜ್ಞೆ ಇದ್ದ ಕಡೆಯ ದಿನ ಹೆಸ್ಟರ್ ಅವನ ತುಟಿ ಒದ್ದೆ ಮಾಡುತ್ತಾ ಕೇಳಿದಳು. "ಫ್ಯಾನು ಹಾಕ್ಕೊಂಡಿದ್ಯಾ?"

ಅವನು ಮುಖವನ್ನು ಗೋಡೆಗೆ ತಿರುಗಿಸಿದ. "ಬಟ್ಟೆ ಬೆಳ್ಳಗಾಗುತ್ತೆ," ಎಂದ.

ಶಿಕ್ಷೆಗೆಂದು ಹೋದನೋ, ಹಟಕ್ಕೆಂದು ಹೋದನೋ, ರೆಕ್ಕೆ ಚೆನ್ನಾಗಿ ಬರಲಿ ಎಂದಷ್ಟೇ ಹೋದನೋ, ಅವಳಿಗೆ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಅವನು ಅಮೋಸನ ಹೆಸರು ಹಿಡಿದು ಕಿರುಚತೊಡಗಿದ್ದ. ನಾಲ್ವರು ಹಿಡಿದರೂ ನಿಲ್ಲದಂತೆ ಕೊಸರಾಡಿ ಶನಿವಾರ ತೀರಿಕೊಂಡ.

ಅದೇ ಪಬ್ಬಿನ ಮಹಡಿ, ಅದೇ ಬೆಂಚುಗಳು. ಈ ಸಲ ಲಂಡನ್ನಿನಿಂದ ಒಬ್ಬ ವೈದ್ಯರು ಬಂದಿದ್ದರು. ಹೆಣ ಕೊಯ್ದು ನೋಡಿದ್ದನ್ನು ಹೇಳಿದರು: ಗಟ್ಟಿಮುಟ್ಟಾದ ಆಳು, ಎಲ್ಲ ಸರಿಯಿತ್ತು, ಪಿತ್ತಜನಕಾಂಗವೊಂದು ಬಿಟ್ಟು; ಅದು ಅರ್ಧಕ್ಕೆ ಕುಗ್ಗಿ ಹಳೇ ತೊಗಲಿನ ಹಾಗಾಗಿತ್ತು. ಮಿಸ್ಟರ್ ಲಯನೆಲ್ ಮುಂದಿನ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ವಿಚಾರಣಾಧಿಕಾರಿ ಹೆಸ್ಟರಳನ್ನು ಕರೆದು ಗಂಡನ ಕಾಯಿಲೆಯ ಬಗ್ಗೆ ಕೇಳಿದರು. ಹೇಳಿದಳು.

"ಇನ್ನೇನಾದರೂ ಹೇಳೋದಿದೆಯೇ?"

"ಇದೆ ಸಾರ್. ಹೋದ ತಿಂಗಳು ನನ್ನ ಗಂಡ ಇಲ್ಲೇ ನಿಂತು, ಇದೇ ಬೈಬಲ್ ಮುಟ್ಟಿ, ಫ್ಯಾನು ಯಾವಾಗಲೂ ನಡೀತಿತ್ತು ಅಂದ. ಅದು ಸುಳ್ಳು. ಮಂಜಿನ ದಿನ ಬೆಲ್ಟು ಕಳಚ್ತಿದ್ದವನು ಅವನೇ. ಆಲಿವ್ ಡೌಸೆಟ್ ಸತ್ತಿದ್ದು ಇವನು ಸತ್ತ ಹಾಗೇ. ಅದನ್ನೂ ಬರ್ಕೊಳ್ಳಿ."

ಮಿಸ್ಟರ್ ಲಯನೆಲ್ ಎದ್ದುನಿಂತರು, ಏನೋ ಹೇಳಹೊರಟರು, ಮತ್ತೆ ಕೂತರು. ಹಿಂದಿನ ಬೆಂಚಿನಿಂದ ಆಲಿವಳ ತಾಯಿ ಅಳುವುದು ಕೇಳಿಸಿತು. ವಾರ್ನಿಷಿನ ವಿಷದಿಂದ ಸಾವು ಎಂದು ಬರೆದುಕೊಂಡರು. ಕಾರ್ಖಾನೆಯ ಉಗ್ರಾಣದಲ್ಲಿದ್ದ ವಾರ್ನಿಷ್ ಡಬ್ಬಗಳನ್ನು ಮುಟ್ಟಕೂಡದೆಂದು ಅವತ್ತೇ ಆಜ್ಞೆಯಾಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಬೇರೆ ಬಗೆಯ ವಾರ್ನಿಷ್ ಬಂತು. ಗ್ಯಾರೋವೇ ರೆಕ್ಕೆಗಳು ಅದರಿಂದಲೂ ತಮಟೆಯ ಹಾಗೇ ಬಿಗಿದುಕೊಂಡವು.

ಹೆಸ್ಟರ್ ಮನೆಗೆ ಬಂದಾಗ ರೋಡಾ ಆಲೂಗಡ್ಡೆ ಸುಲಿಯುತ್ತಿದ್ದಳು. ಕೆಜಾಯಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಸುದ್ದಿ ಆಗಲೇ ಬೀದಿ ದಾಟಿ ಒಳಗೆ ಬಂದಿತ್ತು.

"ನನ್ನ ಮಗನ ಬಗ್ಗೆ ಏನಂದೆ ಅಲ್ಲಿ?"

ಹೆಸ್ಟರ್ ಟೋಪಿ ಬಿಚ್ಚಿ ಮೇಜಿನ ಮೇಲಿಟ್ಟಳು. "ಸುಳ್ಳು ಹೇಳಿದ ಅಂದೆ ಅತ್ತೆ."

"ಅಷ್ಟೂ ಜನರೆದುರಿಗೆ?"

"ಅಷ್ಟೂ ಜನರೆದುರಿಗೆ."

ಒಲೆಯ ಮೇಲೆ ಪಾತ್ರೆಯ ನೀರು ಕುದಿದು ಉಕ್ಕಿತು. ರೋಡಾ ಎದ್ದು ಇಳಿಸಿದಳು. ಕೆಜಾಯಾ ಮಾತಾಡಿದಳು, ಯಾರಿಗೂ ಅಲ್ಲ ಎಂಬಂತೆ.

"ಚಿಕ್ಕವನಿದ್ದಾಗ ಸುಳ್ಳು ಹೇಳೋಕೇ ಬರ್ತಿರಲಿಲ್ಲ ಅವನಿಗೆ. ಬಾಯಿ ತೆಗೆಯೋ ಮೊದಲೇ ಕಿವಿ ಎರಡೂ ಕೆಂಪಗಾಗಿಬಿಡೋವು."

ಹೆಸ್ಟರ್ ಅತ್ತೆಯ ಮುಂದೆ ಮೊಣಕಾಲೂರಿ ಕೂತು, ಆ ಒಣಗಿದ ಕೈಗಳನ್ನು ಹಿಡಿದುಕೊಂಡಳು.

"ಅವತ್ತೂ ಕೆಂಪಗಾಗಿದ್ದವು ಅತ್ತೆ," ಎಂದಳು. "ನಾನು ನೋಡ್ದೆ."